ಕತ್ತರಿಸದ ಹಾಳೆ

ಖಾನಾಪುರ
ತಾ. ೧೩ ಆಗಸ್ಟ್ ೧೯೨೭, ಶನಿವಾರ ಮಧ್ಯಾಹ್ನ

ತೀರ್ಥಸ್ವರೂಪ ಗುರುಪುತ್ರಪ್ಪಣ್ಣನಿಗೆ ತಂಗಿ ಸಂಗವ್ವನ ಶರಣು ಶರಣಾರ್ಥಿ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಮುಂದೆ ಹೋಗುವುದು ರೂಢಿ. ಇಂದು ನನ್ನ ಕೈಯಿಂದ ಅದು ಆಗುವುದಿಲ್ಲ. ಈ ಪತ್ರವನ್ನು ನಮ್ಮ ಅತ್ತೆ ಸೊಂಟದ ಚೀಲದಲ್ಲಿಟ್ಟುಕೊಂಡು ನಾಲ್ಕು ಗಂಟೆಯ ಗಾಡಿಗೆ ಬೆಳಗಾವಿಗೆ ಬರುತ್ತಿದ್ದಾರೆ. ಸಂಗಡ ಗೌರಿ ಇದ್ದಾಳೆ. ಅವರನ್ನು ಕಂಡ ಕೂಡಲೇ ಇದನ್ನು ಒಡೆದು ಓದುತ್ತ ಸ್ಟೇಷನ್ನಿನಲ್ಲಿ ನಿಲ್ಲಬೇಡ. ಟಾಂಗಾ ಮಾಡಿ ನೆಟ್ಟಗೆ ದವಾಖಾನೆಗೆ ಹೋಗು. ಮೊದಲ ಸೂಜಿ ಹಾಕಿಸಿದ ಮೇಲೆ ಓದು.

ಹೋದ ಸೋಮವಾರ ನಿನಗೆ ನನ್ನ ಹೆಸರಿನದೊಂದು ಉತ್ತರ ಬಂದಿರಬೇಕು. ಗೌರಿಯನ್ನು ಇಲ್ಲಿಯ ಡಾಕ್ಟರರಿಗೆ ತೋರಿಸಿದ್ದೇವೆ, ನಾಯಿಯ ಹಲ್ಲು ಆಳಕ್ಕೆ ಇಳಿದಿಲ್ಲವಂತೆ, ಕಾಳಜಿ ಮಾಡಬೇಡ, ನೀನು ಬರುವ ಕಾರಣವಿಲ್ಲ ಎಂದು ಅದರಲ್ಲಿತ್ತಂತೆ. ಅಣ್ಣಾ, ಅದು ನನ್ನ ಮಾತಲ್ಲ. ಯಾವ ಡಾಕ್ಟರರಿಗೂ ಯಾರೂ ತೋರಿಸಿಲ್ಲ. ನಿನ್ನ ಪುಸ್ತಕದ ಅಂಗಡಿಯ ಮೆಟ್ಟಿಲ ಮೇಲೆ ಮಲಗುತ್ತಿದ್ದ ಚಂಪಿ ನನ್ನ ಮಗಳ ಕೈ ಕಚ್ಚಿದ್ದು, ಆಮೇಲೆ ಹುಚ್ಚು ಹಿಡಿದು ಸತ್ತದ್ದು ನನಗೆ ಗೊತ್ತಾದದ್ದು ಇಂದು ಬೆಳಿಗ್ಗೆ. ಕಚ್ಚಿ ಇಂದಿಗೆ ಹದಿನೈದು ದಿನ. ಈ ಲೆಕ್ಕವನ್ನು ಬೆಳಗಿನಿಂದ ಎಷ್ಟು ಸಲ ಹಾಕಿದ್ದೇನೋ, ಪ್ರತಿ ಸಲವೂ ಹದಿನೈದೇ ಬರುತ್ತದೆ.

'ಓದಲು ಬರೆಯಲು ಬಲ್ಲವಳು, ನಾನೇ ಪಾಟಿ ಹಿಡಿಸಿ ಕಲಿಸಿದವಳು, ನನ್ನ ಪತ್ರ ಇವಳಿಗೆ ಮುಟ್ಟಲಿಲ್ಲವೇ' ಎಂದು ನೀನು ಕೇಳುತ್ತೀ. ಮುಟ್ಟಿತು. ಆದರೆ ನಾನು ಬಾಣಂತಿ. ಕೂಸು ಹುಟ್ಟಿ ಇಪ್ಪತ್ತೆರಡು ದಿನ. ಅತ್ತೆಯ ಕಟ್ಟುನಿಟ್ಟು ನಿನಗೆ ಗೊತ್ತು. ಕಿವಿಗೆ ಅರಿವೆ ಕಟ್ಟಿ, ಕಿಟಕಿಗೆ ಗೋಣಿತಟ್ಟು ಹಾಕಿ, ಮಂಚದ ಕೆಳಗೆ ಕೆಂಡವಿಟ್ಟು ಕೂಡಿಸಿದ್ದಾರೆ. ಬಾಣಂತಿ ಅಕ್ಷರ ನೋಡಿದರೆ ಕಣ್ಣು ಹೋಗುತ್ತದೆ ಎಂಬುದು ಅವರ ಮಾತು. ಹೀಗಾಗಿ ಮನೆಗೆ ಬಂದ ಕಾಗದವನ್ನೆಲ್ಲ ಗೌರಿ ಹೊಸ್ತಿಲಾಚೆ ಬೆಳಕಿನಲ್ಲಿ ಕೂತು ಓದುತ್ತಾಳೆ, ನಾನು ಕತ್ತಲಲ್ಲಿ ಕೂತು ಕೇಳುತ್ತೇನೆ. ನಿನ್ನ ಮನೆಯಲ್ಲಿದ್ದು ಸಾಲಿ ಕಲಿಯುವವಳು ಪಂಚಮಿ ಹಬ್ಬಕ್ಕೆಂದು ಬಂದಾಗ, ಸಾಲಿ ತಪ್ಪಿದರೂ ತಪ್ಪಲಿ, ನನಗೆ ಕೈಯಾಸರೆ ಆಗುತ್ತಾಳೆ ಎಂದು ಉಳಿಸಿಕೊಂಡವಳು ನಾನೇ. ಆ ತಪ್ಪು ನನ್ನದು, ಬೇರೆ ಯಾರ ಮೇಲೂ ಹಾಕುವುದಿಲ್ಲ.

ಹೋದ ವಾರ ಶುಕ್ರವಾರ ನಿನ್ನ ಪತ್ರ ಬಂತು. ಗೌರಿ ಮೊದಲು ಮನಸ್ಸಿನಲ್ಲೇ ಓದಿಕೊಂಡಳು. ತಡವೇಕೆ ಎಂದು ನಾನು ಒಳಗಿನಿಂದ ಬೈದೆ. ಆಮೇಲೆ ದೊಡ್ಡ ದನಿಯಲ್ಲಿ ಓದತೊಡಗಿದಳು. ನೀವೆಲ್ಲ ಆರಾಮ, ವೈನಿಯ ಮೊಣಕಾಲ ನೋವು ಕಡಿಮೆ, ಅಂಗಡಿಗೆ ಹೊಸ ಪಾಟಿಗಳು ಬಂದಿವೆ, ಇಷ್ಟು ನೀನು ಬರೆದದ್ದೇ. ಮುಂದೆ ಏನು ಓದಿದಳು ಗೊತ್ತೇ? ಚಂಪಿ ನಾಲ್ಕು ಮರಿ ಹಾಕಿದೆ, ಅದರಲ್ಲಿ ಒಂದಕ್ಕೆ ಒಂದು ಕಿವಿ ಕರಿಯದು ಒಂದು ಬಿಳಿಯದು, ಅದು ರದ್ದಿ ಕಾಗದದ ಬುಟ್ಟಿಯಲ್ಲೇ ಮಲಗುತ್ತದೆ, ಗಿರಾಕಿಗಳು ಪಂಚಾಂಗ ಬಿಟ್ಟು ಮರಿಯ ಬೆಲೆ ಕೇಳುತ್ತಾರೆ. ನಾನು ಹೊಟ್ಟೆ ಹಿಡಿದು ನಕ್ಕೆ. ಅತ್ತೆ ಕೂಡ ನಕ್ಕರು. ಓಣಿಯ ಮಾಯವ್ವ ಬಂದಾಗ ಅವಳ ಮುಂದೆಯೂ ಓದಿಸಿದೆ. ಎರಡನೆಯ ಸಲವೂ ಒಂದು ಮಾತು ಹೆಚ್ಚುಕಡಿಮೆ ಆಗದಂತೆ ಓದಿದಳು. ನೀನು ಇಷ್ಟು ಚೆಂದ ಬರೆಯಲು ಯಾವಾಗ ಕಲಿತೆ ಎಂದು ನಾನು ಬೆರಗಾದೆ. ಆಗಲೇ ನನಗೆ ಸಂಶಯ ಬರಬೇಕಿತ್ತು.

ಅವಳಿಗೆ ಇದನ್ನು ಕಲಿಸಿದವನು ನೀನು. ಸಿಟ್ಟಾಗಬೇಡ, ಸಿಟ್ಟಾದರೂ ಆಗು. ನಿನ್ನ ಅಂಗಡಿಗೆ ಬರುವ ಪುಸ್ತಕಗಳ ಹಾಳೆಗಳು ಕತ್ತರಿಸದೆ ಬರುತ್ತವೆ. ಎರಡು ಪುಟ ತೆರೆದಿದ್ದರೆ ಮುಂದಿನ ಎರಡು ಮಡಿಕೆಯೊಳಗೆ. ಕೊಂಡವರು ಮನೆಗೆ ಒಯ್ದು ಚಾಕುವಿನಿಂದ ಕೊಯ್ದು ಓದಬೇಕು. ಸಾಲಿ ಬಿಟ್ಟ ಮೇಲೆ ಬರುವ ಹುಡುಗರಿಗೆ ನೀನು ಬೆಂಚು ಹಾಕಿಸಿದೆ, ಅದು ಪುಣ್ಯದ ಕೆಲಸ. ಆದರೆ, 'ತೆರದದ್ದಷ್ಟ ಓದ್ರಿ, ಮಡಿಕಿ ಒಳಗ ಬಟ್ಟು ಹಾಕಿದ್ರ ಕೈ ಮುರೀತೀನಿ, ಒಳಗಿಂದು ಕೊಂಡಾವರಿಗೆ' ಎಂದು ನೇಮ ಮಾಡಿದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. 'ಒಳಗ ಏನೈತಿ ಹೇಳ್ರಿ ನೋಡೂಣು' ಎಂದು ಒಬ್ಬೊಬ್ಬರನ್ನೇ ಕೇಳಿ, ಚೆಂದ ಹೇಳಿದವರಿಗೆ ಪೆಪ್ಪರಮಿಂಟು ಕೊಟ್ಟೆ.

ಗೌರಿ ಎಲ್ಲರಿಗಿಂತ ಚೆಂದ ಹೇಳುತ್ತಾಳೆ, ಹಾದಿಯಲ್ಲಿ ಹೋಗುವವರೂ ನಿಂತು ಕೇಳುತ್ತಾರೆ ಎಂದು ಹೋದ ದೀಪಾವಳಿಗೆ ನೀನೇ ಬರೆದಿದ್ದೆ. ಪೇಟೆಯ ದುಂಡಪ್ಪ ಅವಳ ಬಾಯಿಂದ ಕಥೆ ಕೇಳಿ ಪುಸ್ತಕ ಕೊಂಡು ಹೋಗಿ, ಮರುದಿನ ತಿರುಗಿ ತಂದು, 'ಹುಡುಗಿ ಹೇಳಿದ್ದು ಇದರಾಗಿಲ್ಲ, ಇದು ಬ್ಯಾಸರದ ಪುಸ್ತಕ' ಎಂದು ಜಗಳಕ್ಕೆ ನಿಂತನಂತೆ. ಆ ಪತ್ರ ಓದಿ ನಾನೂ ಹಿಗ್ಗಿದ್ದೆ, ಸುಳ್ಳು ಯಾಕೆ ಹೇಳಲಿ. ಹತ್ತು ವರ್ಷದ ಹುಡುಗಿ ಅದರಿಂದ ಏನು ತಿಳಿದುಕೊಂಡಾಳು ಎಂದು ನೀನೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ಓದುವುದೆಂದರೆ ಕಾಣುವಷ್ಟನ್ನು ನೋಡಿ, ಕಾಣದ್ದನ್ನು ಕೇಳುವವರಿಗೆ ಸೇರುವಂತೆ ಹೇಳುವುದು ಎಂದು ಅವಳು ತಿಳಿದಳು.

ಇನ್ನು ನಮ್ಮೂರ ವಾಚನಾಲಯದ ಸುದ್ದಿ ಕೇಳು. ನನಗೆ ನಿಜ ತಿಳಿದದ್ದು ಅಲ್ಲಿಂದಲೇ. ನಿನ್ನ ಅಂಗಡಿಗೂ ಅದಕ್ಕೂ ಅಜಗಜಾಂತರ. ಗಾಜಿನ ಕಪಾಟು, ಅದಕ್ಕೆ ಬೀಗ. ಪುಸ್ತಕಗಳಿಗೆಲ್ಲ ಕಂದು ಕಾಗದದ ಹೊದಿಕೆ, ಮೇಲೆ ನಂಬರು ಮಾತ್ರ. ನಂಬರು ಹೇಳಿ ಸಹಿ ಮಾಡಿದವರಿಗೆ ಪುಸ್ತಕ. ಸಹಿ ಮಾಡುವವರು ಗಂಡಸರು, ಮಕ್ಕಳು ಕಿಟಕಿಯ ಹೊರಗೆ. ಬಂದ ವಾರದಲ್ಲೇ ಗೌರಿ ಅದನ್ನು ನೋಡಿ ಬಂದು, 'ಅವ್ವಾ, ಅಲ್ಲಿ ಪುಸ್ತಕಕ್ಕ ಹೆಸರಽ ಇಲ್ಲ, ತುರಂಗದಾಗಿನ ಕೈದಿಗಳಗತೆ ನಂಬರ್ ಹಾಕ್ಯಾರ' ಎಂದಿದ್ದಳು. ಮತ್ತೆ ಒಂದು ಮಾತು ಕೇಳಿದಳು: ಬೀಗ ಹಾಕಿ ಇಟ್ಟದ್ದರಲ್ಲಿ ಖರೇ ಇರುತ್ತದೇನು? ಆಗ ನಾನು ಕೂಸಿಗೆ ಎಣ್ಣೆ ಹಚ್ಚಿಸುವ ಗದ್ದಲದಲ್ಲಿದ್ದೆ. ಹೌದು ಎಂದೆನೋ ಇಲ್ಲ ಎಂದೆನೋ ನೆನಪಿಲ್ಲ.

ಇಂದು ಬೆಳಿಗ್ಗೆ ಒಂಬತ್ತರ ಸುಮಾರಿಗೆ ವಾಚನಾಲಯದ ಅವಧೂತ ಮಾಸ್ತರರು ನಮ್ಮ ಕಟ್ಟೆಗೆ ಬಂದರು. ವಯಸ್ಸಾದವರು, ಪಿಂಚಣಿಯ ಮೇಲೆ ಇರುವವರು, ಯಾರ ಮನೆಗೂ ಹೋಗುವವರಲ್ಲ. ಗೌರಿ ಆಗ ಹೊಳೆಯ ಕಡೆ ಹೋಗಿದ್ದಳು. ಅತ್ತೆ ಕುಂದರ್ರಿ ಎಂದರೂ ಅವರು ಕೂಡಲಿಲ್ಲ. ಗೋಡೆಯ ಈಚೆ ಇದ್ದ ನನಗೆ ಎಲ್ಲ ಕೇಳುತ್ತಿತ್ತು.

'ನಿಮ್ಮ ಹುಡುಗಿ ಮೂರು ದಿನಾ ಆತು ಕಿಡಕಿಗೆ ಬಂದು ನಿಲ್ಲತಾಳ್ರಿ' ಎಂದರು. 'ನಾಯಿ ಕಡದಾವರ ಪುಸ್ತಕ ಅದ ಏನ್ರಿ ಅಂತ ಕೇಳಿದಳು. ಮರಾಠಿ ವೈದ್ಯದ ಪುಸ್ತಕ ಒಂದು ಅದ, ನಂಬರ್ ಇಲ್ಲದ ಕೊಡೂದಿಲ್ಲ, ಮಕ್ಕಳ ಪುಸ್ತಕ ಅಲ್ಲ ಅಂದೆ. ಮರುದಿವಸ ಮತ್ತ ಬಂದಳು. ಅಪ್ಪನ ಸಹಿ ತಗೊಂಡು ಬಾ ಅಂದು ಬೈದು ಕಳಿಸಿದೆ. ನಿನ್ನೆ ಬಂದು, ನನಗ ಪುಸ್ತಕ ಬ್ಯಾಡ್ರಿ, ನೀವಽ ಬೀಗಾ ತಗದು ನೋಡಿ, ಎಷ್ಟ ದಿನಕ್ಕ ಹುಚ್ಚ ಹಿಡೀತದ ಅನ್ನೂದು ಒಂದಽ ಹೇಳ್ರಿ ಅಂದಳು. ಬಾಜು ಕೂತವರು ನಕ್ಕರು. ನನಗ ಮಾತ್ರ ರಾತ್ರಿ ಊಟ ಸೇರಲಿಲ್ಲ. ಮನಿಯಾಗ ಯಾರಿಗೆ ನಾಯಿ ಕಡದದ್ರಿ, ಬಾಯಿ?'

ಯಾರಿಗೂ ಇಲ್ಲ ಎಂದರು ಅತ್ತೆ. ನನಗೆ ಆಗಲೇ ನಿನ್ನ ಪತ್ರ ನೆನಪಾಗಿತ್ತು. ಚಂಪಿ, ನಾಲ್ಕು ಮರಿ, ಒಂದು ಕಿವಿ ಕರಿಯದು. ನಿನ್ನ ಪತ್ರ ತಂದು ಕೊಡಿರಿ ಎಂದು ಒಳಗಿನಿಂದಲೇ ಕೂಗಿದೆ. ಬಾಣಂತಿ ಓದಬಾರದು ಎಂದು ಅತ್ತೆ ಶುರು ಮಾಡಿದರು. ಕಣ್ಣು ಹೋದರೆ ಹೋಗಲಿ ಎಂದು ನಾನೇ ಎದ್ದೆ, ಗೋಣಿತಟ್ಟು ಕಿತ್ತು ಬಿಸಾಡಿದೆ. ಇಷ್ಟು ದಿನದ ಮೇಲೆ ಬಿದ್ದ ಬೆಳಕಿಗೆ ಕಣ್ಣು ಕುಕ್ಕಿ ನೀರು ಬಂತು, ಮೊದಲ ಸಾಲುಗಳು ಕಾಣಲೇ ಇಲ್ಲ. ಪತ್ರ ಗೌರಿಯ ಪಾಟಿಚೀಲದ ತಳದಲ್ಲಿತ್ತು. ಮಡಿಸಿ ಬಿಡಿಸಿ ಮಡಿಸಿ ಬಿಡಿಸಿ ಮಡಿಕೆಯ ಗೆರೆಯಲ್ಲಿ ಹರಿಯುವುದಕ್ಕೆ ಬಂದಿತ್ತು.

ನೀನು ಏನು ಬರೆದೆ ಎಂಬುದು ನಿನಗೆ ನೆನಪಿದೆ. ನಾಯಿ ಇನ್ನಿಬ್ಬರನ್ನು ಕಚ್ಚಿ ಗುರುವಾರ ಸತ್ತದ್ದು, ಗೌರಿ ಹೊರಡುವ ಹಿಂದಿನ ದಿನ ಅವಳ ಮಣಿಕಟ್ಟಿನಲ್ಲಿ ಎರಡು ಹಲ್ಲಿನ ಗುರುತು ವೈನಿ ನೋಡಿದ್ದು. ಈಗ ಬೆಳಗಾವಿಯಲ್ಲೇ ಹೊಟ್ಟೆಗೆ ಹದಿನಾಲ್ಕು ಸೂಜಿ ಹಾಕುತ್ತಾರೆ, ತಡ ಮಾಡದೆ ಹುಡುಗಿಯನ್ನು ಕರೆತರಿಸಬೇಕು, ತಡವಾದರೆ ಸೂಜಿಯೂ ನಡೆಯುವುದಿಲ್ಲ, ನೀರು ಕಂಡರೆ ಅಂಜುವ ಹೊತ್ತು ಬಂದರೆ ಆಮೇಲೆ ಯಾರ ಕೈಯಲ್ಲೂ ಇಲ್ಲ ಎಂದು ಡಾಕ್ಟರರು ಹೇಳಿದರು. ಹೀಗೆ ನೀನು ಬರೆದಿದ್ದೆ. ಕೊನೆಯ ಸಾಲುಗಳನ್ನು ಅತ್ತೆಗೆ ಕೇಳುವಂತೆ ದೊಡ್ಡದಾಗಿ ಓದಿದೆ. ಅತ್ತೆ ಸೆರಗು ಬಿಗಿದು ಹೊಳೆಯ ಕಡೆ ಓಡಿದರು. ಅರವತ್ತು ದಾಟಿದವರು ಹಾಗೆ ಓಡಿದ್ದನ್ನು ನಾನು ನೋಡಿಲ್ಲ.

ಮಲಪ್ರಭೆ ತುಂಬಿ ಹರಿಯುತ್ತಿದೆ. ಗೌರಿ ದಂಡೆಯ ಕಲ್ಲಿನ ಮೇಲೆ ನಿಂತು ನೀರು ನೋಡುತ್ತಿದ್ದಳಂತೆ. ಎಂಟು ದಿನದಿಂದ ದಿನಕ್ಕೆರಡು ಸಲ ಹೋಗಿ ನೋಡುತ್ತಿದ್ದಳು ಅಣ್ಣಾ, ಅಂಜಿಕೆ ಆಗುತ್ತದೆಯೋ ಇಲ್ಲವೋ ಎಂದು. ಮನೆಯಲ್ಲಿ ತಾಸಿಗೊಮ್ಮೆ ತಂಬಿಗೆ ಎತ್ತಿ ನೀರು ಕುಡಿಯುತ್ತಿದ್ದಳು. ಹುಡುಗಿ ನೀರು ಚೆನ್ನಾಗಿ ಕುಡಿಯುತ್ತಾಳೆ, ಮೈಗೆ ಒಳ್ಳೆಯದು ಎಂದು ನಾನು ಹೊಗಳಿದ್ದೆ.

ಮುಂದೆ ಕೂಡಿಸಿಕೊಂಡು ಕೇಳಿದೆ. ಬೈಯಬೇಕೆಂದು ಕರೆದವಳಿಗೆ ಬೈಯಲಾಗಲಿಲ್ಲ. ಅವಳು ನನ್ನ ಮುಖ ನೋಡದೆ ಹೇಳಿದಳು. ಹೋದ ವರ್ಷ ಓಣಿಯ ನಿಂಗವ್ವ ಬಾಣಂತನದಲ್ಲಿ ತೀರಿಕೊಂಡಳಲ್ಲ, ಕೆಟ್ಟ ಸುದ್ದಿ ಕೇಳಿಯೇ ಸನ್ನಿ ಹಿಡಿಯಿತು ಎಂದು ಅವಳ ಆಯಿ, ನಮ್ಮ ಅತ್ತೆ, ದಿನಾ ಹೇಳುತ್ತಾರೆ. 'ಬಾಣಂತಿ ಮುಂದ ಅಂಜೂವಂಥಾ ಮಾತು ಹೇಳಬಾರದು, ಸಾಯತಾಳ ಅಂತ ಆಯಿ ಹೇಳ್ಯಾಳ. ನಾನು ಓದಿದ್ರ ನೀ ಸಾಯತಿದ್ದಿ. ಅದಕ್ಕ ಮರಿ ಹಾಕೇತಿ ಅಂತ ಓದಿದೆ' ಎಂದಳು. ನಿನಗೆ ಉತ್ತರವನ್ನೂ ಅದಕ್ಕೇ ಬರೆದಳು. ನೀನು ಬಂದರೆ ನನಗೆ ತಿಳಿದುಬಿಡುತ್ತದಲ್ಲ. ನಾನು ಪಂಚಮಿಯ ಉಂಡಿಯ ಸುದ್ದಿ, ಕೂಸಿನ ಸುದ್ದಿ ಹೇಳಿ ಬರೆಸಿದೆ, ಅವಳು ತನಗೆ ಬೇಕಾದದ್ದು ಬರೆದು ಅಂಚೆಗೆ ಹಾಕಿದಳು. ಕೊನೆಗೆ ಸಣ್ಣ ದನಿಯಲ್ಲಿ, 'ಸೂಜಿಗೂ ಅಂಜಿದ್ದೆ' ಎಂದಳು. ಆ ಮಾತಿಗೆ ನನಗೆ ಅಳು ತಡೆಯಲಿಲ್ಲ.

ಇನ್ನೊಂದು ಹೇಳಿಬಿಡುತ್ತೇನೆ, ಹೇಳದೆ ಇದ್ದರೆ ಎದೆ ಒಡೆಯುತ್ತದೆ. ನಿನ್ನ ಪತ್ರ ಬಂದ ದಿನದಿಂದ ಅವಳು ಕೂಸನ್ನು ಮುಟ್ಟಿಲ್ಲ. ಎತ್ತಿಕೋ ಎಂದರೆ ಕೈ ಹಿಂದೆ ಕಟ್ಟುತ್ತಿದ್ದಳು. ಹೊಟ್ಟೆಕಿಚ್ಚು ಬಂದಿದೆ, ತಮ್ಮನ ಮೇಲೆ ಕರುಣೆ ಇಲ್ಲದ ಕಲ್ಲೆದೆಯವಳು ಎಂದು ಬುಧವಾರ ಬೆನ್ನಿಗೆ ಒಂದು ಹಾಕಿದೆ. ಆಗಲೂ ಬಾಯಿ ಬಿಡಲಿಲ್ಲ. ತನ್ನ ಎಂಜಲು ಕೂಸಿಗೆ ತಾಗಬಾರದು ಎಂದು ದೂರ ಇದ್ದಳಂತೆ. ನಾನು ಹೊಡೆದ ಕೈ ಇದೇ, ಇದರಲ್ಲೇ ಬರೆಯುತ್ತಿದ್ದೇನೆ.

ಮಣಿಕಟ್ಟು ನೋಡಿದೆ. ಬಳೆ ಸರಿಸಿದರೆ ಎರಡು ಚುಕ್ಕೆ, ಮಾಗಿ ಬೆಳ್ಳಗಾಗಿವೆ. ನೋಡಿದರೆ ಏನೂ ಇಲ್ಲದ ಹಾಗೆ. ಜ್ವರವಿಲ್ಲ. ನೀರು ಕೊಟ್ಟೆ, ಕುಡಿದಳು. ಮತ್ತೆ ಕೊಟ್ಟೆ, ಮತ್ತೆ ಕುಡಿದಳು. ಮೂರನೆಯ ಸಲ ಸಾಕು ಎಂದು ತಂಬಿಗೆ ಸರಿಸಿದಳು, ನನ್ನ ಜೀವವೇ ಹಾರಿಹೋಯಿತು. ಹೊಟ್ಟೆ ತುಂಬಿದ್ದಕ್ಕೆ ಬೇಡ ಎಂದದ್ದು ಅಷ್ಟೇ. ಈಗ ಅವಳು ಕೆಮ್ಮಿದರೆ ಅಂಜಿಕೆ, ಸುಮ್ಮನೆ ಕೂತರೂ ಅಂಜಿಕೆ.

ಅವಳ ಅಪ್ಪ ಲೋಂಡಾದ ಮರದ ಡಿಪೋದಲ್ಲಿದ್ದಾರೆ, ಅವರಿಗೂ ನಿನಗೂ ತಾರು ಕೊಡಲು ಮಾಸ್ತರರೇ ಸ್ಟೇಷನ್ನಿಗೆ ಹೋದರು. ಹೋಗುವ ಮೊದಲು ಗೌರಿಯನ್ನು ಕರೆದು, 'ತಪ್ಪಾತವಾ, ಬೀಗಾ ತಗದು ನೋಡಿ ಅವತ್ತಽ ಬರಬೇಕಿತ್ತು' ಎಂದರು. ಅಷ್ಟು ದೊಡ್ಡ ಮನುಷ್ಯ ಒಂದು ಹುಡುಗಿಯ ಮುಂದೆ ತಲೆ ತಗ್ಗಿಸಿ ನಿಂತರು. ಎಷ್ಟು ದಿನ ಎಂದು ಅವಳು ಅವರನ್ನು ಮತ್ತೆ ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಾನೇ ಬರಬೇಕೆಂದು ಹಟ ಹಿಡಿದೆ. ಹಸಿ ಮೈ, ಈ ಮಳೆ, ಎದೆಯ ಮೇಲೆ ಕೂಸು, ನೀನು ಹಾದಿಯಲ್ಲಿ ಬಿದ್ದರೆ ಹುಡುಗಿಯನ್ನು ನೋಡುವವರು ಯಾರು ಎಂದು ಅತ್ತೆ ಅಡ್ಡ ನಿಂತರು. ಹುಟ್ಟಿದ ಮೇಲೆ ಉಗಿಬಂಡಿ ಹತ್ತದವರು, ಈಗ ರೊಟ್ಟಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದಾರೆ. ಬೆಳಕಿಗಾಗಿ ಬಾಗಿಲನ್ನು ಅವರೇ ಪೂರಾ ತೆರೆದು, 'ಬರಿ ಸಂಗವ್ವಾ, ಲಗೂನ ಬರಿ' ಎನ್ನುತ್ತಿದ್ದಾರೆ. ಅವರಿಗೆ ದವಾಖಾನೆಯ ಊಟ ಆಗುವುದಿಲ್ಲ, ಇಷ್ಟಲಿಂಗದ ಪೂಜೆ ಆಗದೆ ನೀರನ್ನೂ ಮುಟ್ಟುವುದಿಲ್ಲ. ವೈನಿಗೆ ಹೇಳು.

ಅಣ್ಣಾ, ಒಂದು ಮಾತು ಕೊಡು. ಹುಡುಗಿ ಗುಣವಾಗಿ ನಿನ್ನ ಅಂಗಡಿಯ ಬೆಂಚಿಗೆ ಬಂದು ಕೂತ ದಿನ, ಒಂದು ಪುಸ್ತಕವನ್ನಾದರೂ ಪೂರಾ ಕೊಯ್ದು ಅವಳ ಕೈಗೆ ಕೊಡು. ಅಚ್ಚಾದದ್ದನ್ನು ಅಚ್ಚಾದ ಹಾಗೆ ಓದುವುದನ್ನು ಕಲಿಸು. ನಾನು ಇಂದೇ ಶುರು ಮಾಡಿದ್ದೇನೆ. ನಿನ್ನ ಪತ್ರವನ್ನು ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ದೊಡ್ಡದಾಗಿ ಓದಿದೆ. ನಾಯಿ ಸತ್ತದ್ದು, ಸೂಜಿ, ನೀರು, ಎಲ್ಲ. ಒಂದು ಅಕ್ಷರ ಬಿಡಲಿಲ್ಲ. ಇಬ್ಬರೂ ಕೂಡಿ ಓದಿದರೆ ಯಾರೂ ಸಾಯುವುದಿಲ್ಲ ನೋಡು ಎಂದು ಹೇಳಿದೆ.

ಸೂಜಿ ಹಾಕುವಾಗ ಅವಳ ಕೈ ಹಿಡಿದುಕೋ, ಮುಖ ನಿನ್ನ ಕಡೆ ತಿರುಗಿಸಿಕೋ. ಅಳಬೇಡ ಎನ್ನಬೇಡ, ಅಳಲಿ. ದಿನಕ್ಕೊಂದು ಕಾರ್ಡು ಹಾಕು. ಕೆಟ್ಟದ್ದಿದ್ದರೂ ಇದ್ದ ಹಾಗೆ ಬರೆ, ಓದುವವಳು ನಾನೇ. ನನಗೆ ತುಂಬಾ ಅಂಜಿಕೆಯಾಗಿದೆ ಅಣ್ಣಾ. ಮಾಯವ್ವ ಇಲ್ಲಿ ನನ್ನ ಸಂಗಡ ಇರುತ್ತಾಳೆ.

ಇಂತಿ ನಿನ್ನ ತಂಗಿ,
ಸಂಗವ್ವ

ತಾಜಾ ಕಲಂ: ಒಂದು ಅಕ್ಷರ ಬಿಡಲಿಲ್ಲ ಎಂದು ಮೇಲೆ ಬರೆದದ್ದು ಖರೇ. ಆದರೆ ಒಂದು ಸಾಲು ಸೇರಿಸಿದೆ. ಯಾರ ಕೈಯಲ್ಲೂ ಇಲ್ಲ ಎಂಬಲ್ಲಿಗೆ ಬಂದಾಗ ಅವಳ ಕೈ ನನ್ನ ಕೈಯಲ್ಲಿ ತಣ್ಣಗಾಯಿತು, ಅಲ್ಲಿಗೆ ನಿಲ್ಲಿಸಲು ಆಗಲಿಲ್ಲ. 'ಆದರೆ ಗೌರಿಯ ಗಾಯ ಸಣ್ಣದು, ಅವಳಿಗೆ ಖಂಡಿತ ಗುಣವಾಗುತ್ತದೆ ಎಂದು ಡಾಕ್ಟರರು ನನಗೆ ಮಾತು ಕೊಟ್ಟಿದ್ದಾರೆ' ಎಂದು ನಿನ್ನ ಹೆಸರಿನಲ್ಲಿ ಓದಿಬಿಟ್ಟೆ. ಅವಳು ಕೇಳಿದರೆ ನೀನೇ ಬರೆದದ್ದು ಎಂದು ಹೇಳು. ಕೇಳಲಾರಳು ಎಂದು ತೋರುತ್ತದೆ. ಎಂಟು ದಿನ ಓದಿ ಓದಿ ನಿನ್ನ ಪತ್ರ ಅವಳಿಗೆ ಬಾಯಿಪಾಠ ಆಗಿದೆ. ನಾನು ಓದಿ ಮುಗಿಸಿದ ಕೂಡಲೇ, 'ಆ ಮಾತು ಅದರಾಗಿಲ್ಲವ್ವಾ' ಎಂದಳು. ಆಮೇಲೆ ನನ್ನ ತೊಡೆಯ ಮೇಲೆ ತಲೆಯಿಟ್ಟು, 'ಇನ್ನೊಮ್ಮೆ ಓದು' ಎಂದಳು.